ಮುನಿರಾಜು ಮೂಟೆ ಹೊರದ ಕಾರಣ

ಚಾಮರಾಜಪೇಟೆಯ ಮುನಿರಾಜು ಸೇನೆಯಿಂದ ನಿವೃತ್ತನಾಗಿ ಬಂದು, ಕೃಷ್ಣರಾಜ ಮಾರುಕಟ್ಟೆಯಲ್ಲಿ ಅಪ್ಪನ ತರಕಾರಿ ಮಳಿಗೆಯಲ್ಲಿ ಕೂತ. ತೂಕ, ವ್ಯಾಪಾರ, ಜಗಳ ಎಲ್ಲಕ್ಕೂ ಸೈ. ಮೂಟೆಗೆ ಮಾತ್ರ ಬೆನ್ನು ಕೊಡುತ್ತಿರಲಿಲ್ಲ.

"ಮಿಲಿಟರಿಯೋರು ಬಂದ್ರು, ದಾರಿ ಬಿಡ್ರಪ್ಪ," ಎಂದು ಅಪ್ಪ ಶ್ರೀರಾಮಪ್ಪ ಕೂಲಿಯವರ ಮುಂದೆಯೇ ಚುಚ್ಚುತ್ತಿದ್ದರು. ಹರೆಯದಲ್ಲಿ ಆಲೂಗಡ್ಡೆ ಮೂಟೆ ಹೊತ್ತು ಓಡುತ್ತಿದ್ದವನು ಇದೇ ಮಗ.

ಆ ಬೆನ್ನು ಕಾರ್ಗಿಲ್‌ನಲ್ಲಿ ಕೆಲಸಕ್ಕೆ ಬಂದಿತ್ತು. ಗುಡ್ಡದ ತುದಿಯಲ್ಲಿ ಶತ್ರುಗಳ ಬಂಕರು, ಕೆಳಗೆ ಮರೆಯೇ ಇಲ್ಲದ ಕಲ್ಲಿನ ಇಳಿಜಾರು. ಹಗಲಿಡೀ ಬಂಡೆಗೆ ಕೆನ್ನೆ ಒತ್ತಿ ಮಲಗಬೇಕು. ಬಾಯಾರಿದರೆ ಸಿಡಿಮದ್ದಿನ ವಾಸನೆಯ ಹಿಮವೇ ಗತಿ. ದೇಶವಾಗಲಿ ದ್ವೇಷವಾಗಲಿ ನೆನಪಾಗುತ್ತಿರಲಿಲ್ಲ; ಚಳಿಗೆ ಮರಗಟ್ಟಿದ ಕಾಲ್ಬೆರಳುಗಳು ಇವೆಯೋ ಇಲ್ಲವೋ ಎಂಬುದೇ ಚಿಂತೆ. ಒಂದು ಬೆಳಿಗ್ಗೆ ಜೊತೆಗಾರ ಶರಣ್‌ನ ಹೊಟ್ಟೆಗೆ ಶೆಲ್ಲಿನ ಚೂರು ಹೊಕ್ಕಿತು. ಮುನಿರಾಜು ಅವನನ್ನು ಬೆನ್ನಿಗೆ ಹಾಕಿಕೊಂಡು ಇಳಿದ. ಜೇವರ್ಗಿಯ ಶರಣ್ ಊರಿನ ಸುದ್ದಿ ಹೇಳುತ್ತಲೇ ಇದ್ದ. ನಡುದಾರಿಯಲ್ಲಿ ಮಾತು ನಿಂತಿತು. ಭಾರ ಒಮ್ಮೆಲೇ ಹೆಚ್ಚಾಯಿತು. ಮುನಿರಾಜು ಇಳಿಯುತ್ತಲೇ ಹೋದ.

ಇದನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹೋದ ಮಳೆಗಾಲದಲ್ಲಿ ಶ್ರೀರಾಮಪ್ಪ ಮೆಟ್ಟಿಲು ಜಾರಿ ಪಾದ ಮುರಿದುಕೊಂಡರು. ರಸ್ತೆ ಅಗೆದಿದ್ದರಿಂದ ಮನೆಯ ತನಕ ಆಟೋ ಬರುವಂತಿರಲಿಲ್ಲ. ಮುನಿರಾಜು ಕೊಂಚ ತಡೆದ. ಆಮೇಲೆ ಕೂತು ಬೆನ್ನು ಕೊಟ್ಟ. ಅಪ್ಪ ನೋವಿಗೆ ಹಲ್ಲು ಕಚ್ಚಿ ಸುಮ್ಮನಿದ್ದರು.

"ಮಾತಾಡಪ್ಪ."

"ಏನ್ ಮಾತಾಡ್ಲೋ?"

"ಏನಾದ್ರೂ. ಬೇಕಾದ್ರೆ ಬೈಯಿ. ಸುಮ್ನೆ ಮಾತ್ರ ಇರ್ಬೇಡ."

ಶ್ರೀರಾಮಪ್ಪ ಬೈಯತೊಡಗಿದರು: ರಸ್ತೆ ಅಗೆದವರನ್ನು, ಮಳೆಯನ್ನು, ಕೊನೆಗೆ ಮಗನನ್ನೂ.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ, "ಯಾಕೋ ಹಂಗಾಡ್ದೆ?" ಎಂದು ಕೇಳಿದರು. ಮುನಿರಾಜು ಎಲ್ಲ ಹೇಳಿದ.

"ಆ ಹುಡ್ಗನ ತಾಯಿ ಇದಾರಾ?" ಎಂದರು ಅಪ್ಪ.

"ಇದಾರೆ. ಹೋಗೋಕೆ ಧೈರ್ಯ ಬರ್ಲಿಲ್ಲ."

"ನಾನೂ ಬರ್ತೀನಿ, ಹೋಗಣ."

ಕಾಲು ಕೂಡಿದ ಮೇಲೆ ಇಬ್ಬರೂ ಜೇವರ್ಗಿಗೆ ಹೋದರು. ಶರಣ್‌ನ ತಾಯಿ ಕೇಳಿದ್ದು ಒಂದೇ ಮಾತು: "ನನ್ ಮಗಾ ಭಾಳ ತ್ರಾಸ ಪಟ್ಟನೇನ್ರಿ?"

ಇಲ್ಲ ಎನ್ನಬೇಕೆಂದು ಬಸ್ಸಿನಲ್ಲೇ ನಿಶ್ಚಯಿಸಿದ್ದ ಮುನಿರಾಜು, "ಹೌದಮ್ಮ, ಪಟ್ಟ. ಆದ್ರೆ ಒಬ್ನೇ ಇರ್ಲಿಲ್ಲ," ಎಂದ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಿಲಿಟ್ರಿಯಿಂದ ಬಂದಾವ್ರೆಲ್ಲಾ ತ್ರಾಸ ಇಲ್ಲಂತ ಹೇಳಿ ಹೋದ್ರು. ನೀ ಒಬ್ಬಾವ ಖರೆ ಹೇಳ್ದಿ, ಯಪ್ಪಾ," ಎಂದು, ಅವರಿಬ್ಬರಿಗೂ ರೊಟ್ಟಿ ಬಡಿಯಲು ಒಳಗೆ ಹೋದರು.