ಶೇಖರಣ್ಣನ ಕಾಮಿಕ್ಸಿಗೆ ಬಂದ ನಂಬರು

ಮುಂಬೈ ಘಾಟ್ಕೋಪರಿನ ಶೇಖರಣ್ಣನಿಗೆ ಜನ್ಮದಲ್ಲಿ ಒಂದು ಮಾರ್ಕ್ಸ್ ಕಾರ್ಡ್ ಸಿಕ್ಕಿದ್ದಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು, ಉಡುಪಿ ಕಡೆಯಿಂದ ಬಂದು, ಬೈಕುಲ್ಲಾದ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತ ದೊಡ್ಡವರಾದವರು. ಅಂಥವರ ಮನೆಗೆ ಈ ಇಳಿವಯಸ್ಸಿನಲ್ಲಿ ನಂಬರು ಬಂತು, ಹತ್ತಕ್ಕೆ ಎಂಟು! ಬಂದದ್ದು ಅವರಿಗಲ್ಲ, ಅವರ ಹಳೇ ಕಾಮಿಕ್ಸಿಗೆ. ಆದರೆ ಅವರ ಜಂಬ ನೋಡಿದವರು ಪರೀಕ್ಷೆ ಬರೆದದ್ದು ಇವರೇ ಎಂದುಕೊಳ್ಳಬೇಕು.

ಕುಂಬಾರನ ಮಗಳೊಬ್ಬಳು ರಾಕ್ಷಸನ ಗುಹೆಗೆ ಇಳಿಯುವ ಕಥೆಯ ಆ ಕನ್ನಡ ಪುಸ್ತಕವನ್ನು ಊರಿಗೆ ಹೋಗಿಬಂದ ಅಡುಗೆ ಭಟ್ಟರು ತಂದುಕೊಟ್ಟಿದ್ದರು. ಮರೆತುಹೋಗುತ್ತಿದ್ದ ಅಕ್ಷರಗಳು ಉಳಿದದ್ದು ಅದರಿಂದಲೇ. ಹೋಟೆಲಿನ ಅಟ್ಟದಲ್ಲಿ ಅಕ್ಕಿ ಮೂಟೆಗೆ ಒರಗಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ ಆ ಮಧ್ಯಾಹ್ನಗಳು ಎಷ್ಟು ಚೆಂದವಿದ್ದವು! ಆಮೇಲೆ ಪುಸ್ತಕ ಕಾಗದ ಸುತ್ತಿಕೊಂಡು ಟ್ರಂಕಿನ ತಳ ಸೇರಿತು. ಮಗ ಸುಕೇಶ್ ಚಿಕ್ಕವನಿದ್ದಾಗ ಕೈಚಾಚಿದರೂ ಗದರಿಸಿ ಕಳಿಸುತ್ತಿದ್ದರು.

ಈಗ ಅದನ್ನು ಗ್ರೇಡಿಂಗಿಗೆ, ಅಂದರೆ ಹಳೇ ಪುಸ್ತಕ ಎಷ್ಟು ಕೆಡದೆ ಉಳಿದಿದೆಯೆಂದು ನೋಡಿ ನಂಬರು ಕೊಡುವವರಿಗೆ, ಕಳಿಸಿದವನು ಅದೇ ಸುಕೇಶ್. "ನಾವು ಅಚ್ಛಾ ಹೈ ಅಂದ್ರೆ ಯಾರು ನಂಬ್ತಾರೆ, ಅಪ್ಪಾ? ಮಾರುವವರೂ ಅಲ್ಲ, ತಗೊಳ್ಳುವವರೂ ಅಲ್ಲ, ತೀಸ್ರಾ ಯಾರಾದ್ರೂ ಹೇಳ್ಬೇಕು" ಎಂದಿದ್ದ. ಆ ಮೂರನೆಯವರು ಮೂಲೆ, ಪಿನ್ನು, ಬಣ್ಣ ಎಲ್ಲವನ್ನೂ ನೋಡಿ, ನಂಬರು ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಸೀಲು ಮಾಡಿ ಕಳಿಸಿದ್ದರು. ಸೀಲು ಒಡೆದರೆ ನಂಬರೂ ಹೋದಂತೆಯೇ.

ನವರಾತ್ರಿಯಲ್ಲಿ ಶಾರದಾ ಪೂಜೆಗೆ ಶೇಖರಣ್ಣ ಅದನ್ನೇ ಎಲ್ಲ ಪುಸ್ತಕಗಳ ಮೇಲೆ ಇಟ್ಟರು. ಎಡವಿದ್ದು ಅಲ್ಲೇ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ಬೆಳಿಗ್ಗೆ ತೆರೆದು ಓದಬೇಕು. ಇದನ್ನು ತೆರೆಯುವುದೆಲ್ಲಿಂದ ಬಂತು?

"ಈಗ ಎಂತ ಮಾಡ್ತೀರಿ? ನಂಬರನ್ನೇ ಓದಿ" ಎಂದು ದಶಮಿಯ ಬೆಳಿಗ್ಗೆ ಹೆಂಡತಿ ಸೇವಂತಿ ನಕ್ಕರು.

"ನಂಗೆ ಬಾಯಿಪಾಠ ಉಂಟು ಮಾರಾಯ್ತಿ" ಎಂದು ಶೇಖರಣ್ಣ ಕಥೆ ಶುರುಮಾಡಿಯೇ ಬಿಟ್ಟರು. ಹುಡುಗಿ ಗುಹೆಗೆ ಇಳಿದಳು. ದೀಪ ಆರಿತು. ಕತ್ತಲಲ್ಲಿ ಯಾರೋ ಅವಳ ಹೆಸರು ಹಿಡಿದು ಕರೆದರು. ಅಲ್ಲಿಗೆ ಮಾತು ನಿಂತಿತು. ತಲೆ ಕೆರೆದುಕೊಂಡರೂ ಮುಂದಿನದು ನೆನಪಿಗೆ ಬರಲಿಲ್ಲ.

"ಫಿರ್? ಯಾರು ಕರೆದದ್ದು?" ಸುಕೇಶ್ ಕೇಳಿದ. ನಲವತ್ತು ದಾಟಿದ ಮಗ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬಾಯಿ ತೆರೆದು ಕೂತಿದ್ದ.

ಹತ್ತಕ್ಕೆ ಎಂಟು ಹೇಗೆ ಬಂತೆಂದು ಶೇಖರಣ್ಣನಿಗೆ ಆಗ ಹೊಳೆಯಿತು. ಈ ಹುಡುಗನಿಗೆ ಒಮ್ಮೆಯೂ ಮುಟ್ಟಲು ಬಿಡದೆ ಗಳಿಸಿದ ನಂಬರದು. ಅವರಿಗೆ ನಾಚಿಕೆಯಾಯಿತು. ಎದ್ದುಹೋಗಿ ಸ್ಕ್ರೂಡ್ರೈವರ್ ತಂದರು.

"ಅಪ್ಪಾ, ಗ್ರೇಡ್ ಹೋಗ್ತದೆ!"

"ಹೋಗ್ಲಿ."

ಪ್ಲಾಸ್ಟಿಕ್ ಪಟಪಟನೆ ಒಡೆಯಿತು. ಗುಹೆಯ ಪುಟ ತೆರೆದು ಮಗನ ತೊಡೆಯ ಮೇಲಿಟ್ಟರು. ಸುಕೇಶ್ ಚಿತ್ರ ನೋಡಿದ, ಅಕ್ಷರ ನೋಡಿದ, ತಲೆ ತಗ್ಗಿಸಿದ. ಕನ್ನಡ ಅವನಿಗೆ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

ಶೇಖರಣ್ಣ ಮಗನ ಪಕ್ಕದಲ್ಲಿ ಕೂತು, ಅವನ ಬೆರಳು ಹಿಡಿದು, ಮೊದಲ ಅಕ್ಷರದ ಮೇಲೆ ಇಟ್ಟರು.

"ಇದು ಅ. ಹೇಳು" ಎಂದರು.