ಕಂಪ್ಲಿ ಅಭಿಮಾನಕ್ಕೆ ನಾನು ಕೊಟ್ಟ ಬಾಡಿಗೆ

ಒಂದು ದೊಡ್ಡ ಪಾತ್ರೆ ತುಂಬ ಒಗ್ಗರಣೆ ಮಂಡಾಳು, ಅಂದರೆ ಮಂಡಕ್ಕಿ. ಎರಡು ಬುಟ್ಟಿ ಮಿರ್ಚಿ ಬಜ್ಜಿ. ಬಾರಿಸಲು ಬಾಡಿಗೆಗೆ ತಂದ ಒಂದು ಜೊತೆ ಹಲಗೆ. ಕ್ಯಾನಿನಲ್ಲಿ ಚಹಾ. ಜೊತೆಗೆ ಭಾನುವಾರ ಮಧ್ಯಾಹ್ನದ ನನ್ನ ನಿದ್ದೆ, ಅದಕ್ಕೆ ಬೆಲೆ ಕಟ್ಟಲು ಬರುವುದಿಲ್ಲ.

ಇಷ್ಟು ಖರ್ಚು ಮಾಡಿದ್ದು ಯಾತಕ್ಕೆ ಗೊತ್ತೇ? ನಮ್ಮ ಹೊಸಪೇಟೆಯ ಮೈದಾನದಲ್ಲಿ, ನಮ್ಮದೇ ತಂಡದ ಎದುರು, ಕಂಪ್ಲಿಯ ತಂಡಕ್ಕೆ ಜೈಕಾರ ಹಾಕಿಸುವುದಕ್ಕೆ!

ಬೇಕೆಂದು ಮಾಡಿದ್ದಲ್ಲ. ಆದರೆ ಬಿಲ್ಲು ನನ್ನ ಹೆಸರಿಗೇ ಬಂತು.

ಮೊದಲಿನಿಂದ ಹೇಳುತ್ತೇನೆ. ನಮ್ಮ ಸುತ್ತಲಿನ ಊರುಗಳು ಸೇರಿ ಪ್ರತಿ ವರ್ಷ ಒಂದು ಫುಟ್‌ಬಾಲ್ ಲೀಗ್ ಆಡಿಸುತ್ತವೆ. ಭಾನುವಾರದ ಲೀಗು. ಹೊಸಪೇಟೆ, ಸಂಡೂರು, ಕಂಪ್ಲಿ ಹೀಗೆ. ನಮ್ಮ ಹೊಸಪೇಟೆ ಕ್ಲಬ್ಬಿಗೆ ನಾನು ಕಾರ್ಯದರ್ಶಿ. (ಕಾರ್ಯದರ್ಶಿ ಎಂದರೆ ಚೆಂಡಿಗೆ ಗಾಳಿ ತುಂಬಿಸುವುದರಿಂದ ಹಿಡಿದು ರೆಫರಿಗೆ ಎಳನೀರು ಕುಡಿಸುವ ತನಕ ಎಲ್ಲ.) ತಂಡದಲ್ಲಿ ಆಡಲು ಬರುವವನು ಒಬ್ಬನೇ, ಪರಶು. ಉಳಿದ ಹತ್ತು ಜನ ಅವನು ಆಡುತ್ತಾನೆಂದು ಬರುತ್ತಾರೆ. ವಾರವೆಲ್ಲ ಟೈರ್ ಅಂಗಡಿಯಲ್ಲಿ ಲಾರಿಯ ಗಾಲಿ ಬಿಚ್ಚುವ ಹುಡುಗ, ಭಾನುವಾರ ಚೆಂಡು ಸಿಕ್ಕರೆ ಗೋಲಿನೊಳಗೆ ಇಟ್ಟೇ ತೀರುತ್ತಾನೆ.

ಅಂಥ ಪರಶು ಹದಿನೈದು ದಿನದ ಹಿಂದೆ ನನ್ನ ಆಫೀಸಿಗೆ ಬಂದು, ಕುರ್ಚಿಯ ಅಂಚಿನಲ್ಲಿ ಕೂತು, ನೆಲ ನೋಡುತ್ತ ಹೇಳಿದ: "ಅಣ್ಣಾ, ಕಂಪ್ಲಿಯವ್ರು ಕರಿಯಾಕತ್ಯಾರ."

"ಎಷ್ಟು ಕೊಡ್ತಾರಂತ?"

"ಏನೂ ಇಲ್ಲ. ಹಂಗೇ."

"ಹಂಗೇ ಅಂದ್ರ? ಬೂಟು? ಬಸ್‌ಚಾರ್ಜು?"

"ಏನೂ ಇಲ್ಲಣ್ಣಾ. ಅಲ್ಲಿ ಜನ ಬರ್ತಾರ."

ನಾನು ಬಾಯಿ ತೆರೆಯುವ ಮೊದಲೇ ಮುಂದುವರಿಸಿದ: "ಇಲ್ಲಿ ಗೋಲ್ ಹೊಡದು ತಿರುಗಿ ನೋಡಿದ್ರ ಏನ್ ಕಾಣ್ತೈತಿ ಹೇಳ್ರಿ? ಎಮ್ಮಿ. ಎರಡು ಎಮ್ಮಿ, ಒಂದು ಸ್ಕೂಟರ್, ನೀವು."

ಇದೇ, ಇದೇ ಕಂಪ್ಲಿಯ ಸುದ್ದಿ! ವರ್ಷಗಟ್ಟಲೆ ಕೇಳಿ ಕೇಳಿ ನನ್ನ ಕಿವಿ ಸೋತಿದೆ. ಕಂಪ್ಲಿಯವರ ಅಭಿಮಾನ ಅಂದರೆ ಅಭಿಮಾನ. ಕಂಪ್ಲಿಯವರು ಮಳೆ ಬಂದರೂ ಏಳುವುದಿಲ್ಲ. ಕಂಪ್ಲಿಯವರು ಸೋತರೂ ಬಿಡುವುದಿಲ್ಲ. ಸಂಡೂರಿನವರೂ ಹೇಳುತ್ತಾರೆ, ರೆಫರಿಗಳೂ ಹೇಳುತ್ತಾರೆ. ಕೊನೆಗೆ ನನ್ನ ಸೆಂಟರ್ ಫಾರ್ವರ್ಡೂ ಹೇಳಿದ.

ನಾನು ವ್ಯಾಪಾರಸ್ಥ. ಮಾಲು ಎಷ್ಟೇ ಹೊಳೆಯಲಿ, ತಿರುಗಿಸಿ ತಳ ನೋಡುತ್ತೇನೆ. ಕಂಪ್ಲಿಯ ಅಭಿಮಾನದ ತಳವನ್ನೂ ನೋಡಿದ್ದೇನೆ ಸ್ವಾಮಿ. ಅವರ ಮೈದಾನ ಇರುವುದು ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರ. ಗಂಗಾವತಿ ಬಸ್ಸಿಗೆ ಕಾಯುವವರೆಲ್ಲ ಬೇಲಿಯ ಪಕ್ಕ ಕೂರುತ್ತಾರೆ. ಬಸ್ಸು ಹಾರ್ನ್ ಹೊಡೆದ ಕೂಡಲೇ ಅರ್ಧ ಅಭಿಮಾನ ಚೀಲ ಎತ್ತಿಕೊಂಡು ಎದ್ದು ಹೋಗುವುದನ್ನು ಈ ಕಣ್ಣಾರೆ ಕಂಡಿದ್ದೇನೆ. ಇನ್ನು ಭಾನುವಾರ ಅಲ್ಲಿನ ಎಷ್ಟೋ ಅಕ್ಕಿ ಗಿರಣಿಗಳಿಗೆ ರಜೆ. ಬೇರೆ ಏನು ಮಾಡುತ್ತಾರೆ? ನಮಗೆ ಹೊಸಪೇಟೆಯಲ್ಲಿ ಸಿನಿಮಾ ಇದೆ, ಡ್ಯಾಮ್ ಇದೆ, ಹಂಪಿ ತೋರಿಸಿ ಎಂದು ಬಂದು ಕೂರುವ ನೆಂಟರಿದ್ದಾರೆ. (ದೇಶವೆಲ್ಲ ಹಂಪಿಗೆ ಬರುತ್ತದೆ, ನಮ್ಮ ಮೈದಾನಕ್ಕೆ ಪಕ್ಕದ ಓಣಿಯವರು ಬರುವುದಿಲ್ಲ. ಇರಲಿ.)

ಎಲ್ಲಕ್ಕಿಂತ ಮುಖ್ಯ, ಕಂಪ್ಲಿಯವರು ತಮ್ಮ ತಂಡವನ್ನು ಹೊಗಳುವುದೇ ಇಲ್ಲ. ಬೈಯುತ್ತಾರೆ! ಆಟ ಶುರುವಾದಾಗ ಬೈಯಲು ಶುರು ಮಾಡಿದರೆ ಮುಗಿಯುವ ತನಕ ಸ್ವಂತ ಗೋಲ್‌ಕೀಪರನ ಮೂರು ತಲೆಮಾರು ಜಾಲಾಡುತ್ತಾರೆ. ಇದು ನಿಷ್ಠೆಯೋ, ಹಳೆಯ ಜಗಳವೋ?

ಇದನ್ನೆಲ್ಲ ಪರಶುಗೆ ಹೇಳಿದೆ. ಅವನು ಪೂರ್ತಿ ಕೇಳಿ, "ಬೈಯಾಕಾದ್ರೂ ಬರ್ತಾರಲ್ಲಣ್ಣಾ" ಅಂದ.

ಕೊನೆಗೆ ಚೌಕಾಸಿ ಮಾಡಿದೆ. ಅದರ ಮುಂದಿನ ಭಾನುವಾರ ನಮ್ಮ ಮೈದಾನದಲ್ಲೇ ಕಂಪ್ಲಿಯ ಜೊತೆ ಪಂದ್ಯ ಇತ್ತು. "ಅವತ್ತು ನಮ್ಮ ಜನ ಬರ್ತಾರ, ನೋಡು. ಪಂದ್ಯ ಮುಗಿದ ಮ್ಯಾಲ ಹೇಳು, ಹೋಗ್ತೀಯೋ ಇರ್ತೀಯೋ." ಅವನು ಒಪ್ಪಿದ. ಅವನು ಹೋದರೆ ಉಳಿದ ಹತ್ತು ಜನವೂ ಚದುರುತ್ತಾರೆ, ಕ್ಲಬ್ಬಿಗೆ ಬೀಗ ಬೀಳುತ್ತದೆ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು.

ಜನ ಬರುತ್ತಾರೆ ಎಂದೇನೋ ಹೇಳಿಬಿಟ್ಟೆ. ಎಲ್ಲಿಂದ?

ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಎಲ್ಲರೂ ಹೆಬ್ಬೆರಳು ಎತ್ತಿ ತೋರಿಸಿದರು. ಹೆಬ್ಬೆರಳು ಎತ್ತಿದವನು ಬರುವುದಿಲ್ಲ ಎಂಬುದು ನನ್ನ ಅನುಭವ. ಆಗ ನನ್ನ ತಲೆಗೆ ದಂಧೆಯ ಬುದ್ಧಿ ಹೊಳೆಯಿತು. ಹೊಳೆಯಬಾರದಿತ್ತು.

ನನ್ನದು ಲಾರಿ ಬುಕಿಂಗ್ ಆಫೀಸು. ಕ್ಲೀನರ್ ಆಗಿ ಶುರು ಮಾಡಿದವನು ನಾನು, ಈಗ ನಾಲ್ಕು ಜನ ನನ್ನ ಫೋನಿಗೆ ಕಾಯುತ್ತಾರೆ. ಈ ಕಸುಬಿನ ಗುಟ್ಟೇ ರಿಟರ್ನ್ ಲೋಡ್. ಮಾಲು ಇಳಿಸಿ ಖಾಲಿ ವಾಪಸ್ ಹೋಗುವ ಲಾರಿ ಇದ್ದರೆ ಅದು ಅಗ್ಗಕ್ಕೆ ಸಿಗುತ್ತದೆ, ಹೇಗೂ ಹೋಗುವುದೇ ತಾನೆ! ಲಾರಿಗೆ ಊರು ಇಲ್ಲ. ಯಾರ ಲೋಡೋ ಅವರ ಲಾರಿ. ಈ ಒಂದೇ ಮಾತಿನ ಮೇಲೆ ನಾನು ಮನೆ ಕಟ್ಟಿಸಿದ್ದೇನೆ.

ಭಾನುವಾರ ಪೇಟೆ ಬೀದಿಯಲ್ಲಿ ಸಂದಣಿ ಇರುವುದಿಲ್ಲವೆಂದು ಅಕ್ಕಿ ಮೂಟೆಯ ಲಾರಿಗಳು ಬೆಳಿಗ್ಗೆ ಬಂದು ಇಳಿಸುತ್ತವೆ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಸಿದ ಹಮಾಲರು ಲಾರಿಯ ನೆರಳಲ್ಲಿ ಬಿದ್ದುಕೊಂಡು ಸಂಜೆ ಹೊರಡುವುದನ್ನು ಕಾಯುತ್ತಾರೆ. ಗಟ್ಟಿ ಎದೆ, ಗಟ್ಟಿ ಗಂಟಲು, ಖಾಲಿ ಮಧ್ಯಾಹ್ನ. ರಿಟರ್ನ್ ಲೋಡ್ ಅಲ್ಲದೆ ಇನ್ನೇನು?

ಆ ಲಾರಿಗಳೂ ಹಮಾಲರೂ ಬರುವುದು ಕಂಪ್ಲಿಯಿಂದ. ನನಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತಿತ್ತು. ನಾನೇ ಬುಕ್ ಮಾಡಿದ ಲಾರಿಗಳು! ಆದರೆ ಬಾಡಿಗೆ ಕೊಟ್ಟ ಮೇಲೆ ಗಂಟಲಿಗೆ ಊರು ಯಾವುದು ಎಂದುಕೊಂಡೆ.

ಹಮಾಲರ ಮೇಸ್ತ್ರಿ ಹುಲಿಗೆಪ್ಪ ನನಗೆ ಹಳೆಯ ಪರಿಚಯ. ಪಂದ್ಯದ ದಿನ ಮಧ್ಯಾಹ್ನ ಹೋಗಿ ಎಬ್ಬಿಸಿದೆ.

"ಏನಲೇ ಹುಲಿಗೆಪ್ಪಾ, ಸಂಜೀತನ ಕೆಲಸ ಐತೇನು?"

"ಲೋಡ್ ಐತೇನ್ರಿ ಸಾವ್ಕಾರ್ರ?"

"ಲೋಡಲ್ಲೋ. ಫುಟ್‌ಬಾಲ್. ಬಂದು ಕುಂತು 'ಹೊಸಪೇಟಿ' ಅಂತ ಕೂಗಬೇಕು, ಅಷ್ಟ."

ಅವನು ಎದ್ದು ಕೂತ. "ಯಾರ ಮ್ಯಾಲ ಆಟ?"

"ಯಾರ ಮ್ಯಾಲಾದ್ರ ನಿನಗೇನು? ಮಿರ್ಚಿ ಬಿಸಿ ಇರ್ತಾವ."

"ರೊಕ್ಕಾ?"

"ಕುಂದ್ರಾಕ ರೊಕ್ಕಾ ಕೊಡ್ಬೇಕೇನಲೇ? ಹೊಟ್ಟಿತುಂಬ ಕೊಡ್ತೀನಿ, ಚಹಾ ಕೊಡ್ತೀನಿ, ಹಲಗಿ ಬೇಕಾದ್ರ ನೀವೇ ಬಾರಿಸ್ರಿ."

ಒಪ್ಪಿದರು. ಇಪ್ಪತ್ತು ಇಪ್ಪತ್ತೈದು ಜನ. ರೊಕ್ಕವಿಲ್ಲದೆ ಮುಗಿಸಿದೆನೆಂದು ಒಳಗೊಳಗೇ ಹಿಗ್ಗಿದೆ. ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ಅಲ್ರೀ, ಕಂಪ್ಲಿಯವ್ರನ್ನ ಕರ್ಕೊಂಡು ಹೋಗಿ ಕಂಪ್ಲಿ ಮ್ಯಾಲ ಕೂಗಸ್ತೀರಾ? ನಿಮಗೇನಾದ್ರೂ ಐತಾ?" ವ್ಯವಹಾರ ಅರ್ಥವಾಗದವರ ಮಾತು ಎಂದು ತಳ್ಳಿಹಾಕಿದೆ.

ನಾಲ್ಕು ಗಂಟೆ. ಮೈದಾನದಲ್ಲಿ ಕಂಪ್ಲಿ ತಂಡದ ಟೆಂಪೋ ಬಂದು ನಿಂತಿತು. ಮಿರ್ಚಿ ಕೈಯಲ್ಲಿ ಹಿಡಿದಿದ್ದ ಹುಲಿಗೆಪ್ಪ ಎದ್ದು ನಿಂತ.

"ಸಾವ್ಕಾರ್ರ! ಇವ್ರು ನಮ್ಮೂರ್ ಹುಡುಗ್ರು!"

"ಇರ್ಲಿ ಬಿಡು. ಮಾತು ಕೊಟ್ಟೀಯಿಲ್ಲೋ?"

ಅವನು ಮಿರ್ಚಿ ನೋಡಿದ. ಟೆಂಪೋ ನೋಡಿದ. "ಕೊಟ್ಟೀನ್ರಿ" ಅಂದು ಕೂತ.

ಮೊದಲರ್ಧ ಕೂಗಿದರು, ಸುಳ್ಳು ಹೇಳಬಾರದು. "ಹೊಸಪೇಟೆ, ಹೊಸಪೇಟೆ" ಎಂದು, ಮೂಟೆ ಎಣಿಸುವ ದನಿಯಲ್ಲಿ. ನಮ್ಮೂರಿನವರೂ ಒಂದಿಷ್ಟು ಜನ ಹಲಗೆ ಸದ್ದಿಗೆ ಏನೋ ಇದೆಯೆಂದು ಬಂದು ನಿಂತರು. ಪರಶು ಒಂದು ಗೋಲು ಹೊಡೆದ. ತಿರುಗಿ ನೋಡಿದ. ಜನ! ಅವನ ಮುಖ ಅರಳಿದ್ದನ್ನು ನೋಡಿ ನಾನು ನನ್ನ ಭುಜವನ್ನು ನಾನೇ ತಟ್ಟಿಕೊಂಡೆ.

ಎರಡನೇ ಅರ್ಧದಲ್ಲಿ ಇನ್ನೊಂದು. ಚೆಂಡು ಕಂಪ್ಲಿ ಗೋಲ್‌ಕೀಪರನ ಕಾಲಸಂದಿಯಲ್ಲೇ ತೂರಿ ಒಳಗೆ ಹೋಯಿತು. ಆ ಹುಡುಗ ಅಲ್ಲೇ ಮುಖ ಮುಚ್ಚಿಕೊಂಡು ಕೂತುಬಿಟ್ಟ. ನಮ್ಮ ಕಡೆಯ ಕೆಲವರು ಶಿಳ್ಳೆ ಹೊಡೆದು ನಕ್ಕರು.

ಅಲ್ಲಿಗೆ ಮುಗಿಯಿತು. ಹುಲಿಗೆಪ್ಪ ಎದ್ದವನೇ, ಅಷ್ಟು ಹೊತ್ತು ಎಲ್ಲಿ ಬಚ್ಚಿಟ್ಟಿದ್ದನೋ ಆ ಗಂಟಲನ್ನು, ಮೈದಾನ ನಡುಗುವಂತೆ ಕೂಗಿದ: "ಏಯ್! ಎದ್ದೇಳಲೇ! ಏನ್ ಗಂಟು ಕಳಕೊಂಡಂಗ ಕುಂತೀ! ಎದ್ದೇಳಂದ್ರ ಏಳಬೇಕು! ಕಾಲು ಕೂಡ್ಸಿ ನಿಂದ್ರಾಕ ಏನಾಗೇತಲೇ ನಿನಗ!"

ಅವನ ಹಿಂದೆ ಉಳಿದವರೂ ಎದ್ದರು. ಬೈಗುಳದ ಮಳೆ. ಗೋಲ್‌ಕೀಪರ್ ತಲೆ ಎತ್ತಿ ನೋಡಿದ. ದನಿಯ ಗುರುತು ಹತ್ತಿತು. ಎದ್ದು ನಿಂತ.

ನಾನು ಓಡಿದೆ. "ಏನ್ ಮಾಡಾಕತ್ತೀಯಲೇ? ಮಾತು?"

ಹುಲಿಗೆಪ್ಪ ಮಿರ್ಚಿಯ ಬುಟ್ಟಿಯನ್ನು ಎತ್ತಿ ನನ್ನ ಕೈಗಿಟ್ಟ. ಅರ್ಧ ಉಳಿದಿತ್ತು. "ಅರ್ಧ ಆಟ ಕೂಗೀವ್ರಿ, ಅರ್ಧ ತಿಂದೀವಿ. ಉಳಿದಿದ್ದು ತಗೋರಿ. ನಮ್ಮವ್ರು ಗೆಲ್ಲಾಗ ಬೇಕಾದ್ರ ನಿಮ್ಮ್ ಕಡಿ ಕೂಗ್ತೀವಿ. ಸೋಲಾಗ ಆಗಂಗಿಲ್ರಿ."

"ಹಲಗಿ ಇಟ್ಟು ಹೋಗು!"

"ಹಲಗಿ ಆಮ್ಯಾಲ ಕೊಡ್ತೀನ್ರಿ" ಅಂದು ಅದನ್ನು ಬಾರಿಸುತ್ತಲೇ ಹೊರಟ. ಪೂರಾ ದಂಡು ಮೈದಾನ ಸುತ್ತಿ ಹೋಗಿ ಕಂಪ್ಲಿಯ ಗೋಲಿನ ಹಿಂದೆ ನಿಂತಿತು. ನನ್ನ ಹಲಗೆ, ನನ್ನ ಚಹಾ ಕುಡಿದ ಗಂಟಲು. ಕಂಪ್ಲಿಯವರಿಗೆ ಏನು ಬಂತೋ, ಒಂದು ಗೋಲು ಹಿಂದಿರುಗಿಸಿದರು. ಇನ್ನೊಂದು ಆಗಿಯೇಬಿಟ್ಟಿತು ಎನ್ನುವಷ್ಟು ಹತ್ತಿರ ಬಂದು ಕಂಬಕ್ಕೆ ಬಡಿಯಿತು.

ಗೆದ್ದವರು ನಾವೇ. ಎರಡಕ್ಕೆ ಒಂದು. ಆದರೆ ಶಿಳ್ಳೆ ಮೊಳಗಿದಾಗ ನಮ್ಮ ಕಡೆ ಯಾರಿದ್ದರು? ಹೊಸಪೇಟೆಯ ಮಹಾಜನ ಎರಡನೇ ಗೋಲು ಆದೊಡನೆ ಸ್ಕೂಟರ್ ತೆಗೆಯಲು ಹೋಗಿದ್ದರು, ಗೇಟಿನಲ್ಲಿ ಸಂದಣಿ ಆಗುತ್ತದಲ್ಲ! ಗೆದ್ದ ತಂಡ ಖಾಲಿ ಬದಿಗೆ ಕೈ ಬೀಸಿತು. ಸೋತ ತಂಡವನ್ನು ಸುತ್ತುವರಿದ ಇಪ್ಪತ್ತೈದು ಜನ ಒಬ್ಬೊಬ್ಬನನ್ನೂ ಹೆಸರು ಹಿಡಿದು ಬೈಯುತ್ತ, ಅವರ ಚೀಲಗಳನ್ನು ತಾವೇ ಹೊತ್ತುಕೊಂಡು ಟೆಂಪೋ ಹತ್ತಿಸಿದರು.

ಹಾಗಾದರೆ ಕಂಪ್ಲಿಯ ಕೀರ್ತಿ ನಿಜವೇ? ಬಸ್ಸಿಗೆ ಕಾಯುವವರ ಬಗ್ಗೆ ನಾನು ಹೇಳಿದ್ದನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಅದು ಪಕ್ಕಾ. ಗೆದ್ದಾಗ ಅವರೂ ನಮ್ಮಷ್ಟೇ ಆಲಸಿಗಳು ಎಂದು ನನ್ನ ಗುಮಾನಿ. ಆದರೆ ಸೋಲುವಾಗ? ಮಾತಾಡುವ ಬಾಯಿ ನನಗಿಲ್ಲ. ಸ್ವಂತ ದುಡ್ಡು ಖರ್ಚು ಮಾಡಿ ಪರೀಕ್ಷೆ ಮಾಡಿದ್ದೇನೆ. ನನ್ನಷ್ಟು ಖಾತ್ರಿಯಾಗಿ ಕಂಪ್ಲಿಗೆ ಸರ್ಟಿಫಿಕೇಟ್ ಕೊಡಬಲ್ಲವರು ಯಾರೂ ಇಲ್ಲ. ಹೊಟ್ಟೆ ಉರಿಯುವುದು ಅದಕ್ಕೇ.

ಪರಶು ಬೂಟು ಬಿಚ್ಚುತ್ತ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಚೌಕಾಸಿಗೆ ಒಂದು ಆರಂಭ ಬೇಕಲ್ಲ, "ಗೆದ್ದಿವಲ್ಲೋ" ಅಂದೆ.

"ಗೆದ್ದಿವಿ. ಅಣ್ಣಾ, ಒಂದು ಕೇಳ್ಲಾ? ಅವ್ರನ್ನ ನೀವೇ ತಂದಿದ್ರಾ?"

"ಹೂಂ."

ಅವನು ನಗಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೂಟಿನ ಲೇಸು ಸುತ್ತಿದ.

"ಇನ್ನೊಂದು ಆಟ ಐತಲ್ಲೋ ಇಲ್ಲೇ" ಎಂದೆ. "ಸಂಡೂರ ಮ್ಯಾಲ. ಅಲ್ಲೀತನ ನಿಂದ್ರು. ಅದಾದ ಮ್ಯಾಲ ನಾನು ತಡಿಯಂಗಿಲ್ಲ."

ಅವನು ಬೂಟು ಚೀಲಕ್ಕೆ ಹಾಕಿದ. "ಆತ್ರಿ. ನಿಂದರ್ತೀನಿ. ಆದ್ರ ನೀವು ಯಾರ್ನೂ ಕರ್ಕೊಂಡು ಬರಬ್ಯಾಡ್ರಿ. ಬರೋರು ತಾವಾಗೇ ಬರ್ಲಿ. ಬರ್ಲಿಲ್ಲಂದ್ರ ನನಗೂ ಗೊತ್ತಾಗ್ತೈತಿ."

ಕೈ ಕಟ್ಟಿಹಾಕಿದ! ಇಷ್ಟು ವರ್ಷದ ವ್ಯವಹಾರದಲ್ಲಿ ಇಂಥ ಷರತ್ತಿಗೆ ನಾನು ಒಪ್ಪಿದ್ದು ಇದೇ ಮೊದಲು.

ಆದ್ದರಿಂದ ಹೊಸಪೇಟೆಯ ಓದುಗರೇ, ನಾನು ನಿಮ್ಮನ್ನು ಕರೆಯುತ್ತಿಲ್ಲ. ಕರೆಯುವ ಹಾಗಿಲ್ಲ. (ಅಂಕಣದಲ್ಲಿ ಬರೆದರೆ ಕರೆದಂತಾಯಿತೇ? ಪರಶು ಪೇಪರ್ ಓದುವುದಿಲ್ಲ.) ಬರೇ ಒಂದೆರಡು ವ್ಯವಹಾರದ ಮಾತು ತಿಳಿಸುತ್ತೇನೆ, ನಿಮ್ಮ ಅನುಕೂಲಕ್ಕೆ. ಬರುವ ಭಾನುವಾರ ನಾಲ್ಕಕ್ಕೆ ಆಟ. ಪಡುವಣ ಬಿಸಿಲು ಮುಖಕ್ಕೆ ಹೊಡೆಯುತ್ತದೆ, ಬೇವಿನ ಮರದ ಕಡೆ ಕೂರಿ. ಸ್ಕೂಟರನ್ನು ಒಳಗೆ, ಗೋಡೆಯ ಹತ್ತಿರ ನಿಲ್ಲಿಸಿ, ಹಿಂದೆ ನಾಲ್ಕು ಗಾಡಿ ಅಡ್ಡ ನಿಂತರೆ ಮಧ್ಯದಲ್ಲಿ ಎದ್ದು ಹೋಗುವ ಮನಸ್ಸಾಗುವುದಿಲ್ಲ. ಚಪ್ಪಾಳೆ ಬಾರದಿದ್ದರೆ ಬೈಯಿರಿ, ಆದರೆ ಹೆಸರು ತಿಳಿದುಕೊಂಡು ಬೈಯಿರಿ.

ಮತ್ತೆ, ಸಂಡೂರಿನವರು ಈ ಸಲ ಬಹಳ ಜೋರಾಗಿದ್ದಾರೆ, ನಾವು ಸೋಲುವ ಲಕ್ಷಣವೇ ಹೆಚ್ಚು. ಹಾಗಾಗಿ ಸ್ವಲ್ಪ ಮುಂಚೆಯೇ ಬನ್ನಿ.