ಅವ್ವನ ಮುಳಗಾಯಿ, ಹಾಯ್ಗುಳಿಯ ಹುಂಜ

ಮಲ್ಲಿಗೆಯ ಬುಡಕ್ಕೆ ರಕ್ತ ಸುರಿಯುವ ಊರಿಗೆ ಬಂದಿದ್ದೇನೆ. ನಾವುಂದದ ಈ ಬಾಡಿಗೆ ಮನೆಗೆ ಬಂದ ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದರೆ, ಪಕ್ಕದಲ್ಲೇ ಇರುವ ಮನೆಯೊಡತಿ ರತ್ನಕ್ಕ ಬಂಗಡೆ ಮೀನು ತೊಳೆದ ಕೆಂಪು ನೀರನ್ನು ಕರುಳು, ತಲೆಗಳ ಸಮೇತ ಮಲ್ಲಿಗೆ ಗಿಡಕ್ಕೆ ಹೊಯ್ಯುತ್ತಿದ್ದರು. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ತತ್ತಿಯ ವಾಸನೆ ಬಂದರೆ ಊಟ ಬಿಟ್ಟು ಏಳುವ ಮನೆಯಲ್ಲಿ ಹುಟ್ಟಿದವಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತೆ.

“ಎಂತಕ್ ಮೂಗ್ ಮುಚ್ಕಂಡ್ರಿ?” ಎಂದರು ರತ್ನಕ್ಕ. “ನಾಳೆ ಹೂಗ್ ಮುಡ್ಕಂಬತಿಗೂ ಮುಚ್ಕಂತ್ರ್ಯಾ?”

ಮರುದಿನ ಅದೇ ಗಿಡದ ಒಂದು ಚೆಂಡು ಮಲ್ಲಿಗೆ ತಂದುಕೊಟ್ಟರು. ಮುಡಿಯಲು ಮನಸ್ಸಾಗಲಿಲ್ಲ. ಸಂಜೆಯವರೆಗೆ ಮನೆಯೆಲ್ಲ ಘಮಘಮ ಎಂದಿತು. ಸಂಜೆಗೆ ಮುಡಿದುಕೊಂಡೆ.

ಗದಗ ಕಡೆಯ ಕರಿಮಣ್ಣಿನ ಹಳ್ಳಿಯಿಂದ ಇಲ್ಲಿಗೆ ಬಂದದ್ದು ಗಂಡನ ನೌಕರಿಯ ದೆಸೆಯಿಂದ. ನಮ್ಮವರು ಕರೆಂಟಿನ ಲೈನ್‌ಮನ್. ನಮ್ಮ ಕಡೆಯ ಎಷ್ಟೋ ಗಂಡಸರು ಈ ಕರಾವಳಿಯ ಕಂಬ ಹತ್ತಿಯೇ ಹೊಟ್ಟೆ ಹೊರೆಯುತ್ತಾರೆ. ಅವರು ಬೆಳಿಗ್ಗೆ ಬೈಂದೂರಿನ ಕಡೆ ಹೋದರೆ ನಾನು ಒಬ್ಬಳೇ. ಒಂದು ಕಡೆ ಹೆದ್ದಾರಿಯ ಲಾರಿ, ಇನ್ನೊಂದು ಕಡೆ ಸಮುದ್ರ, ಎರಡಕ್ಕೂ ಬಾಯಿ ಮುಚ್ಚಿ ಗೊತ್ತಿಲ್ಲ. ನಮ್ಮೂರಲ್ಲಿ ಬೆಳಗಾದರೆ ಓಣಿಯ ಉದ್ದಕ್ಕೂ ರೊಟ್ಟಿ ಬಡಿಯುವ ಸಪ್ಪಳ. ಇಲ್ಲಿ ಆ ಸಪ್ಪಳ ನನ್ನ ಅಡುಗೆಮನೆಯೊಂದರಲ್ಲೇ. ಮಾತೂ ಹಾಗೆಯೇ. ನಾನೂ ಕನ್ನಡ ಆಡುತ್ತೇನೆ, ರತ್ನಕ್ಕನೂ ಕನ್ನಡ ಆಡುತ್ತಾರೆ, ಮೊದಲ ಕೆಲವು ವಾರ ಇಬ್ಬರೂ ಕೈಸನ್ನೆಯಲ್ಲೇ ಕಾಲ ಹಾಕಿದೆವು. ಅವರ ಗಂಡ ಮುಂಬಯಿಯಲ್ಲಿ ಹೋಟೆಲ್ ನಡೆಸುತ್ತಾರೆ, ಊರಿಗೆ ಬರುವುದು ವರ್ಷಕ್ಕೊಮ್ಮೆ. ಹಾಗಾಗಿ ಎರಡು ಮನೆ, ಒಂದು ಹಿತ್ತಲು, ಹಗಲೆಲ್ಲ ಇಬ್ಬರೇ ಹೆಂಗಸರು.

ನಾನು ಬರುವಾಗ ತಂದ ಆಸ್ತಿ ಎಂದರೆ ಸೀರೆಯ ಚಿಂದಿಯಲ್ಲಿ ಕಟ್ಟಿದ ಒಂದು ಗಂಟು. ಅದರಲ್ಲಿ ಅವ್ವನ ಮುಳಗಾಯಿ ಬೀಜ. ಮುಳಗಾಯಿ ಎಂದರೆ ಹಸಿರು ಗೆರೆಯ ಗುಂಡು ಬದನೆ, ತೊಟ್ಟಿಗೆ ಚುಚ್ಚುವ ಮುಳ್ಳು. ಅದರ ಎಣ್ಣೆಗಾಯಿ ಉಂಡವರು ಬೇರೆ ಬದನೆ ಮುಟ್ಟುವುದಿಲ್ಲ. ನಾನು ಇಲ್ಲಿಗೆ ಬಂದ ಮೇಲೆ ಅವ್ವ ತೀರಿಕೊಂಡಳು. ಅಣ್ಣ ಈಗ ಹೊಲಕ್ಕೆ ಅಂಗಡಿಯ ಬೀಜ ಹಾಕುತ್ತಾನೆ. ಅವ್ವ ಮದುವೆಯಾಗಿ ಬಂದ ವರ್ಷದಿಂದ ಉಳಿಸಿಕೊಂಡು ಬಂದ ಆ ತಳಿ ಲೋಕದಲ್ಲಿ ಆಗ ಉಳಿದಿದ್ದದ್ದು ನನ್ನ ಗಂಟಿನಲ್ಲಿ ಮಾತ್ರ. ಬೀಜ ಹಳತಾಗಿತ್ತು, ಇನ್ನೊಂದು ವರ್ಷ ಇಟ್ಟರೆ ಸತ್ತೇ ಹೋಗುತ್ತಿತ್ತು. ಸಂಕ್ರಾಂತಿ ಕಳೆದದ್ದೇ ಎಲ್ಲವನ್ನೂ ಹಿತ್ತಲ ಸಸಿಮಡಿಗೆ ಹಾಕಿಬಿಟ್ಟೆ.

ನಮ್ಮ ಕಡೆ ಬೇಸಿಗೆಯ ತೋಟ ಎಂದರೆ ನೀರಿಗಾಗಿ ಕಾಯುವುದು. ಇಲ್ಲಿ ತೋಟ ಎಂದರೆ ಬಡಿದಾಟ. ಮೊದಲಿಗೆ ಮಣ್ಣನ್ನೇ ಸುಡುತ್ತಾರೆ. ತರಗೆಲೆ, ಅದರ ಮೇಲೆ ಮಣ್ಣು, ಮತ್ತೆ ತರಗೆಲೆ ಪೇರಿಸಿ ಬೆಂಕಿ ಇಟ್ಟರೆ ಎರಡು ದಿನ ಹೊಗೆಯಾಡಿ ಕಪ್ಪಗಾಗುತ್ತದೆ. ಸುಡುಮಣ್ಣು ಎನ್ನುತ್ತಾರೆ. ಕೆಂಪಿರುವೆಗಳು ಕಾಲಿಗೆ ಹತ್ತಿ ಮಾಂಸ ಕಿತ್ತವು, ನಾನು ಅವುಗಳ ಗೂಡನ್ನೇ ಬೆಂಕಿಗೆ ಹಿಡಿದೆ. ಅಲಸಂಡೆ ಚಿಗುರನ್ನು ನವಿಲು ಮುರಿದವು. ಸೌತೆ ಹೂವಿಗೆ ಬಂದ ಹುಳಗಳನ್ನು ಬೆಳಿಗ್ಗೆ ಎದ್ದು ಉಗುರಿನಲ್ಲಿ ಒಂದೊಂದಾಗಿ ಹೊಸಕಿದೆ. ಊರಲ್ಲಿ ಇರುವೆಗೆ ಸಕ್ಕರೆ ಹಾಕುತ್ತಿದ್ದವಳು ನಾನೇ. ಉಪ್ಪುಗಾಳಿ, ಬೆವರು, ಸೆಕೆ, ಮೈಮೇಲೆ ಬಟ್ಟೆ ಇದ್ದರೆ ಸಿಟ್ಟು, ಇಲ್ಲದಿದ್ದರೆ ಸೊಳ್ಳೆ. ಫಾಲ್ಗುಣ ಬರುವ ಹೊತ್ತಿಗೆ ನನ್ನ ಬಾಯಲ್ಲಿ ಬೈಗುಳ ಬಿಟ್ಟು ಬೇರೆ ಏನೂ ಉಳಿದಿರಲಿಲ್ಲ.

ಆದರೂ ಸಸಿ ಎದ್ದವು. ಅಬ್ಬಲಿಗೆ ಹೂಗಿಡಗಳ ಸಾಲಿನ ಪಕ್ಕದಲ್ಲಿ ಏರಿ ಮಾಡಿ ನೆಟ್ಟೆ. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ, ಉಂಡು ಕೈ ತೊಳೆಯಲು ಹಿತ್ತಲಿಗೆ ಬಂದರೆ ರತ್ನಕ್ಕನ ಕೆಂಪು ಹುಂಜ ಏರಿಯ ಮೇಲೆ ನಿಂತು ಎರಡೂ ಕಾಲಲ್ಲಿ ಕೆದರುತ್ತಿತ್ತು. ಸಸಿಗಳೆಲ್ಲ ಬೇರು ಮೇಲಾಗಿ ಬಿಸಿಲಿಗೆ ಬಿದ್ದಿದ್ದವು. ಸಿಟ್ಟು ನೆತ್ತಿಗೇರಿತು. ಗೋಡೆಗೆ ಕುರ್ಚಗಿ ಒರಗಿತ್ತು, ನಮ್ಮ ಕಡೆ ಕಳೆ ತೆಗೆಯುವ ಬಾಗಿದ ಸಣ್ಣ ಕತ್ತಿ ಅದು. ಬೀಸಿ ಒಗೆದೆ. ಕುತ್ತಿಗೆಗೇ ಬಿತ್ತು. ಅರ್ಧ ಹರಿದ ಕೊರಳಿನಲ್ಲಿ ಹುಂಜ ಅಬ್ಬಲಿಗೆಯ ಮೇಲೆಲ್ಲ ರಕ್ತ ಚಿಮ್ಮಿಸುತ್ತ ಓಡಿ, ಬಸಳೆ ಚಪ್ಪರದ ಕಂಬಕ್ಕೆ ಬಡಿದು ಬಿದ್ದು ಒದ್ದಾಡಿ ತಣ್ಣಗಾಯಿತು. ಸಂಕಟವಾಯಿತೇ ಎಂದು ಕೇಳಬೇಡಿ. ಆಗಲಿಲ್ಲ. ಕೂತು ಸಸಿ ಹುಡುಕಿದೆ. ಬೇರು ಹರಿಯದೆ ಉಳಿದದ್ದು ಒಂದೇ ಒಂದು.

ಸದ್ದಿಗೆ ರತ್ನಕ್ಕ ಹೊರಗೆ ಬಂದರು. ಹುಂಜ ನೋಡಿದರು, ನನ್ನನ್ನು ನೋಡಿದರು. ಮುಖ ಬಿಳುಪೇರಿತು.

“ನಿಮ್ಮ ಕೋಳಿ ನನ್ನ ಅಗಿ ಎಲ್ಲಾ ಕೆದರಿ ಹಾಳ್ ಮಾಡೇತ್ರಿ,” ಎಂದೆ ನಾನೇ ಮೊದಲು. “ನಮ್ಮವ್ವನ ಬೀಜರಿ ಅವು.”

“ಅದ್ ಹರಕಿ ಕೋಳಿ,” ಎಂದರು ಮೆಲ್ಲಗೆ. “ಹಾಯ್ಗುಳಿಗ್ ಬಿಟ್ಟದ್. ನನ್ ಗಂಡನ್ ಜೀವಕ್ಕ್ ಹೇಳ್ಕಂಡ್ ಹರಕಿ.”

ಹಾಯ್ಗುಳಿ ಅವರ ಮನೆಯ ದೈವ, ಹಿತ್ತಲ ಮೂಲೆಯಲ್ಲಿ ಕಲ್ಲಾಗಿ ಕೂತಿದೆ. ಗಂಡನಿಗೆ ಮುಂಬಯಿಯಲ್ಲಿ ಎದೆನೋವು ಬಂದು ಆಸ್ಪತ್ರೆ ಸೇರಿದಾಗ ಹುಷಾರಾಗಲಿ ಎಂದು ಹರಸಿಕೊಂಡು ಬಿಟ್ಟ ಹುಂಜವಂತೆ. ಮಳೆಗಾಲ ಹಿಡಿಯುವ ಮೊದಲು ಬಲಿ ಕೊಡಬೇಕಿತ್ತು. ನಾನು ಪೇಟೆಯಿಂದ ಬೇರೆ ಹುಂಜ ತರಿಸಿಕೊಡುತ್ತೇನೆ ಎಂದೆ.

“ಪೇಟಿ ಕೋಳಿ ಆತಿಲ್ಲೆ. ಮನಿಯಂಗೆ ಸಾಕಿದ್ದೇ ಆಯ್ಕ್, ಅದ್ ನಮ್ಮ ಕ್ರಮ. ಕೊಂದವ್ರೇ ಸಾಕ್ಕ್.” ಕೊಂದವರೇ ಸಾಕಿಕೊಡಬೇಕಂತೆ. ಸಂಜೆ ಬುಟ್ಟಿಯಲ್ಲಿ ಒಂದು ಎಳೆಯ ಹುಂಜ ತಂದು ನನ್ನ ಜಗುಲಿಯಲ್ಲಿ ಇಟ್ಟರು. “ಇಕಣಿ. ಇದ್ ಸತ್ರೆ ನಾನ್ ಸುಮ್ನಿರ್ತಿಲ್ಲೆ.”

ನಮ್ಮವರು ಕೆಲಸದಿಂದ ಬಂದು ಬುಟ್ಟಿ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡರು. “ಲಿಂಗ ಕಟ್ಟಿದ ಮನ್ಯಾಗ ಕೋಳಿ ಸಾಕೂದೇನ ಮಾರಾಯ್ತಿ? ಊರಾಗ ಗೊತ್ತಾದ್ರ ಪಂಗ್ತಿಗೆ ಕುಂಡ್ರಸ್ತಾರೇನು?” ಸಿಟ್ಟಿನಲ್ಲಿ ಕೊಯ್ದ ಮೂಗು ಆಮೇಲೆ ಬಂದೀತೇ. ಸಾಕಿದೆ.

ಹೀಗೆ ನನ್ನ ಬೇಸಿಗೆ ಎರಡು ಜೀವ ಕಾಯುವುದರಲ್ಲಿ ಹೋಯಿತು. ಒಂದು ಅವ್ವನ ಗಿಡ, ಇನ್ನೊಂದು ಅದರ ಶತ್ರು. ಹುಂಜವನ್ನು ತೆಂಗಿನ ಬುಡಕ್ಕೆ ಹಗ್ಗದಲ್ಲಿ ಕಟ್ಟಿದೆ, ಗಿಡದ ಸುತ್ತ ಮುಳ್ಳು ಚುಚ್ಚಿದೆ. ರತ್ನಕ್ಕ ನನ್ನೊಂದಿಗೆ ಮಾತು ಬಿಟ್ಟರು. ಬೇಲಿಯಾಚೆಯಿಂದ ಹುಂಜವನ್ನು ಮಾತ್ರ ನೋಡಿ ಹೋಗುತ್ತಿದ್ದರು. ಅದಕ್ಕೆ ಹಾಕಲು ನನ್ನಲ್ಲಿ ಇದ್ದದ್ದು ಊರಿನ ಬಿಳಿಜೋಳ. ನಾವು ರೊಟ್ಟಿ ಕಡಿಮೆ ಮಾಡಿಕೊಂಡು ಅದಕ್ಕೆ ಹಾಕಿದೆವು. ನಮ್ಮವರು ಅದಕ್ಕೆ ಸಾಹುಕಾರ ಎಂದು ಹೆಸರಿಟ್ಟರು. ಸಾಹುಕಾರ ಕೈಗೆ ಕುಕ್ಕಿ ರಕ್ತ ಬರಿಸುತ್ತಿತ್ತು. ನಾನು ತಲೆಗೆ ಮೊಟಕುತ್ತಿದ್ದೆ. ಹಗ್ಗ ಬಿಚ್ಚಿದ ಹೊತ್ತಿನಲ್ಲಿ ಬೆನ್ನ ಹಿಂದೆಯೇ ಬರುತ್ತಿತ್ತು. ಬೇರೆ ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ ನಾನು ಅದರ ಜೊತೆಗೇ ಮಾತಾಡಿದ್ದೇನೆ, ನಮ್ಮೂರ ಮಾತಿನಲ್ಲಿ. ಅದು ಇಲ್ಲಿಯವರ ಹಾಗೆ “ಎಂತ?” ಎಂದು ತಿರುಗಿ ಕೇಳುತ್ತಿರಲಿಲ್ಲ, ಅದೇ ದೊಡ್ಡ ಸಮಾಧಾನ.

ಗಿಡ ಹೂಬಿಟ್ಟಿತು. ಬಾವಿಯ ನೀರು ಆಳಕ್ಕೆ ಇಳಿದಿತ್ತು, ಸೇದಿ ಸೇದಿ ಅಂಗೈ ಸುಲಿಯಿತು. ಮೊದಲ ಕಾಯಿಗಳನ್ನು ಹುಳ ಕೊರೆದವು, ಕಿತ್ತು ಕಲ್ಲಿನ ಮೇಲೆ ಜಜ್ಜಿದೆ. ಉಳಿದ ಒಂದೇ ಕಾಯನ್ನು ಬೀಜಕ್ಕೆ ಬಿಟ್ಟೆ. ಅವ್ವ ಮಾಡುತ್ತಿದ್ದಂತೆ ಹಳೆಯ ಸೀರೆಯ ಬಟ್ಟೆ ಸುತ್ತಿದೆ. ವೈಶಾಖದ ಬಿಸಿಲಿಗೆ ಅದು ಒಳಗೊಳಗೇ ಹಳದಿಯಾಗುತ್ತ ಬಂತು. ರತ್ನಕ್ಕನ ಮೈದುನ ಬಂದು ಬಲಿಯ ದಿನ, ಕ್ರಮ ಎಲ್ಲ ಹೇಳಿ ಹೋದರು. ಅದರ ಮರುದಿನವೇ ಕಾಯಿ ಕೊಯ್ಯುವುದೆಂದು ನಾನೂ ಗೊತ್ತು ಮಾಡಿಕೊಂಡೆ.

ಬಲಿಗೆ ಹೋಗುವ ಕೋಳಿಗೆ ಹಿಂದಿನ ಸಂಜೆಯಿಂದ ಏನೂ ತಿನ್ನಲು ಹಾಕಬಾರದಂತೆ. ಹಾಕಲಿಲ್ಲ. ಬೆಳಿಗ್ಗೆ ಅರಿಶಿನ ನೀರಲ್ಲಿ ಮೀಯಿಸಬೇಕೆಂದು ಹಗ್ಗ ಬಿಚ್ಚಿದೆ. ಚೊಂಬಿಗೆ ಕೈ ಚಾಚುವಷ್ಟರಲ್ಲಿ ಸಾಹುಕಾರ ತೋಳಿನಿಂದ ಹಾರಿತು. ಹಸಿದ ಜೀವ. ಮುಳ್ಳು ಹಾರಿ ಗಿಡಕ್ಕೇ ನುಗ್ಗಿತು, ಬಟ್ಟೆ ಹರಿಯಿತು, ಹಣ್ಣಾದ ಕಾಯನ್ನು ಸೀಳಿತು. ನಾನು ಕೂಗುತ್ತ ಓಡಿ ಮುಟ್ಟುವ ಹೊತ್ತಿಗೆ ನೆಲದ ಮೇಲೆ ಸಿಪ್ಪೆ ಇತ್ತು. ಒಂದೂ ಬೀಜ ಇರಲಿಲ್ಲ.

ನನ್ನ ಕಣ್ಣು ಕತ್ತಲಿಟ್ಟಿತು. ಹುಂಜವನ್ನು ರೆಕ್ಕೆ ಹಿಡಿದು ನೆಲಕ್ಕೆ ಒತ್ತಿ ಕುರ್ಚಗಿ ಎತ್ತಿದೆ. ಅದೇ ಕುರ್ಚಗಿ. ರತ್ನಕ್ಕ ಬೇಲಿ ದಾಟಿ ಓಡಿ ಬಂದು ನನ್ನ ಮುಂಗೈ ಹಿಡಿದರು. ಮೂಳೆ ನೋಯುವಂತೆ ಹಿಡಿದರು.

“ಕತ್ತಿ ಕೆಳಗ್ ಹಾಕ್,” ಎಂದರು. ಬೇಸಿಗೆಯೆಲ್ಲ ಮುಗಿದು ನನ್ನೊಂದಿಗೆ ಆಡಿದ ಮೊದಲ ಮಾತು ಅದು, ಬಹುವಚನವೂ ಬಿಟ್ಟುಹೋಗಿತ್ತು. “ನೀನ್ ಕೊಂದ್ರೆ ಮತ್ತೊಂದ್ ಸಾಕ್ಕಾತ್ತ್, ಗೌರಿ.”

“ನಮ್ಮವ್ವನ್ನ ತಿಂದೈತ್ರಿ ಇದು,” ಎಂದೆ. ಹೇಳುತ್ತಲೇ ಅಳು ಬಂತು. ಅವ್ವ ಸತ್ತಾಗ ಹೋಗಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು, ಆಗ ಬಾರದ ಅಳು. ರತ್ನಕ್ಕ ಕುರ್ಚಗಿ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕ್ರಮದಂತೆ ನಾನೇ ಹುಂಜ ಎತ್ತಿಕೊಂಡು ಹಾಯ್ಗುಳಿಯ ಕಲ್ಲಿನ ಹತ್ತಿರ ಹೋದೆ. ಅದು ನನ್ನ ಪಕ್ಕೆಗೆ ತಲೆ ಒತ್ತಿಕೊಂಡು ಸುಮ್ಮನಿತ್ತು, ಎದೆ ಬಡಿತ ನನ್ನ ಕೈಗೆ ಹೊಡೆಯುತ್ತಿತ್ತು. ರತ್ನಕ್ಕನ ಮೈದುನ ಒಂದೇ ಏಟಿಗೆ ಕಡಿದರು. ಬೆಚ್ಚನೆಯ ರಕ್ತ ನನ್ನ ಸೀರೆಗೂ ಸಿಡಿಯಿತು. ಈ ಸಲ ಸಂಕಟವಾಯಿತು. ಮನೆಗೆ ಬಂದು ಮೈತುಂಬ ನೀರು ಹೊಯ್ದುಕೊಂಡು ಬಾಗಿಲು ಹಾಕಿ ಮಲಗಿದೆ.

ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ಬಡಿದ ಸದ್ದು. “ಹ್ವಾಯ್, ಬಾಗ್ಲ್ ತೆಗಿ.” ತೆಗೆದೆ. ರತ್ನಕ್ಕನ ಕೈ ಮೊಣಕೈವರೆಗೂ ಕೆಂಪು. ಅಂಗೈಯಲ್ಲಿ ಬಾಳೆಎಲೆಯ ತುಂಡು, ಅದರಲ್ಲಿ ತಿರುಳು, ಲೋಳೆ, ರಕ್ತ, ನಡುವೆ ಅವ್ವನ ಬೀಜ.

“ಅದ್ರ್ ಗಂಟ್ಲ್ ಚೀಲ್ದಗ್ ಇದ್ದಿತ್. ಇನ್ನೂ ಅರೆದಿರ್ಲಿಲ್ಲೆ,” ಎಂದರು. “ಕೋಳಿ ದೈವಕ್ಕ್. ಬೀಜ ನಿಂಗ್.”

ತತ್ತಿಯ ವಾಸನೆಗೆ ಏಳುವ ಮನೆಯವಳು ಎರಡೂ ಕೈ ಒಡ್ಡಿ ಇಸಿದುಕೊಂಡೆ. ತೊಳೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿದೆ. ಅರ್ಧ ಇಲ್ಲಿ ಹಾಕಿದೆ. ಮೊದಲ ಮಳೆಗೆ ಮೊಳೆತವು. ಈಗ ರತ್ನಕ್ಕ ಮೀನು ತೊಳೆದರೆ ಆ ನೀರನ್ನು ಮಲ್ಲಿಗೆಗೂ ಮುಳಗಾಯಿಗೂ ಹೊಯ್ಯುವವಳು ನಾನೇ. ಮೂಗು ಮುಚ್ಚುವುದಿಲ್ಲ. ಮುಚ್ಚಲು ಕೈ ಬಿಡುವಿರುವುದಿಲ್ಲ.

ಉಳಿದ ಅರ್ಧವನ್ನು ಚಿಂದಿಯಲ್ಲಿ ಕಟ್ಟಿ ಊರಿಗೆ ಹೋಗುವವರ ಕೈಲಿ ಅಣ್ಣನಿಗೆ ಕಳಿಸಿದ್ದೆ. ಅಣ್ಣ ಫೋನು ಮಾಡಿ, “ಅವ್ವನ ಬೀಜ ಉಳಿಸಿದೆಲ್ಲ ಗೌರವ್ವಾ, ಪುಣ್ಯಾತಗಿತ್ತಿ,” ಎಂದು ಅತ್ತ. ಎಲ್ಲಿ ಇತ್ತು, ಹೇಗೆ ಉಳಿಯಿತು ಎಂದು ಅವನು ಕೇಳಲಿಲ್ಲ. ಫೋನಿನಲ್ಲಿ ನನಗೆ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಇಷ್ಟು ಬರೆದೆ. ಅಣ್ಣಾ, ಈ ವರ್ಷ ಅವ್ವನ ಎಡೆಗೆ ನೀನು ಇಡುವ ಎಣ್ಣೆಗಾಯಿ ಹಾಯ್ಗುಳಿಯ ಹುಂಜದ ಕೊರಳಿನಿಂದ ಬಂದದ್ದು. ಮನಸ್ಸು ಒಪ್ಪದಿದ್ದರೆ ಗಿಡ ಕಿತ್ತು ಬಿಸಾಡು. ಅವ್ವನಿಗೆ ಎಡೆ ನಾನು ಇಲ್ಲೇ ಇಡುತ್ತೇನೆ.